ಚರ್ಚಿನ ಗೋಡೆಗೆ ಬೆಲ್ಲದ ನೀರು

ಇವತ್ತು ನಮ್ಮ ಸುರಪುರದ ಹಳೆಯ ಚರ್ಚಿನ ರಿಪೇರಿ ನೋಡಲು ಹೋಗಿದ್ದೆ. ನೆನೆಸಿಟ್ಟ ಬೆಲ್ಲದ ವಾಸನೆ ಮೂಗಿಗೆ ಬಡಿದದ್ದೇ ತಡ, ಎಂಟು ವರ್ಷದವಳಾಗಿಬಿಟ್ಟೆ.

ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಗೋಡೆ ಕಟ್ಟುವ ಗೌಂಡಿ. ಕಮಾನಿನ ಕಿಟಕಿಗಳ, ಎರಡು ಮೊಳ ದಪ್ಪ ಗೋಡೆಗಳ ಆ ಚರ್ಚಿಗೆ ಸಿಮೆಂಟು ಸೋಕಲು ಬಿಡುತ್ತಿರಲಿಲ್ಲ. ಬೆಲ್ಲದ ನೀರಲ್ಲಿ ಕಲಸಿದ ಸುಣ್ಣದ ಗಾರೆಯೇ ಆಗಬೇಕು. ಒಂದು ದಿನ ನಾನು ಗಡಿಗೆಯ ಬೆಲ್ಲದ ನೀರನ್ನು ಹೊಟ್ಟೆ ತುಂಬ ಕುಡಿದು, ಕಡಿಮೆಯಾದಷ್ಟು ಬಾವಿ ನೀರು ಸುರಿದೆ.

ವಾರದೊಳಗೆ ಕಿಟಕಿ ಪಕ್ಕದ ಗಾರೆ ಬಿರುಕು ಬಿಟ್ಟಿತು. ಮುತ್ಯಾ ಒಂದು ಚೂರು ಕಿತ್ತು, ಬೆರಳಲ್ಲಿ ಪುಡಿ ಮಾಡಿ ನನ್ನ ಕಡೆ ನೋಡಿದ.

"ಬೆಲ್ಲ ಗ್ವಾಡಿಗಿ ಮುಟ್ಟಿಲ್ಲ. ಯಾರ ಹೊಟ್ಟಿಗಿ ಹೋಗ್ಯಾದ, ಯವ್ವಾ?"

"ನನ್ನ ಹೊಟ್ಟಿಗಿ, ಮುತ್ಯಾ."

ಬೈಯಲಿಲ್ಲ. "ಕುಡದಾಕಿನೇ ಕಲಸಬೇಕು" ಎಂದು ಸಲಿಕೆ ಕೊಟ್ಟ. ಹಳೆಯದನ್ನು ಕೆರೆಸಿ, ಹೊಸದನ್ನು ನನ್ನ ಕೈಯಿಂದಲೇ ಬಳಿಸಿದ.

ಇವತ್ತು ಗೋಡೆ ಕೆರೆಯುತ್ತಿದ್ದ ಗೌಂಡಿ, ಆ ಕಿಟಕಿ ಪಕ್ಕ ಸುತ್ತಿಗೆಯಿಂದ ತಟ್ಟಿ, "ಇದು ಗಟ್ಟಿ ಅದರಿ, ಮುಟ್ಟೂದು ಬ್ಯಾಡ" ಅಂದ.

"ಗೊತ್ತದ. ನಾನೇ ಮಾಡೀನಿ" ಅಂದೆ.

ಬೆಲ್ಲದ ಗಡಿಗೆಗೆ ಮುಚ್ಚಳ ಹಾಕಲು ಹೇಳಿದೆ. ಹಾಕುವ ಮೊದಲು ಬೆರಳದ್ದಿ ನೆಕ್ಕಿದೆ. ಬೆಲ್ಲ ಸರಿಯಾಗಿ ಬಿದ್ದಿತ್ತು.