ಷಡ್ಡಕನ ಮನೆಯ ಬಲ್ಬು

ಅಥವಾ ಆ ಬಲ್ಬು ಅಷ್ಟು ಬೆಳ್ಳಗೆ ಉರಿದಿರಲೇ ಇಲ್ಲವೇನೋ. ನೋಡಿದ್ದು ಹೋದ ವಾರ. ಆಗಲೇ ನೆನಪು ಅದಕ್ಕೆ ಬಣ್ಣ ಬಳಿಯುತ್ತಿದೆ. ಹೊಟ್ಟೆಕಿಚ್ಚಿನವನ ಸಾಕ್ಷಿಯನ್ನು ಯಾವ ಕೋರ್ಟು ನಂಬೀತು?

ನನ್ನ ಪ್ರಯೋಗ ನಿಮಗೆ ಗೊತ್ತೇ ಇದೆ. (ಈ ಅಂಕಣದಲ್ಲಿ ಬರೆದು ಬರೆದು ಬೇಸರ ತರಿಸಿದ್ದೇನೆ.) ಹೊನ್ನಾವರದ ನಮ್ಮ ಮನೆಯ ಮಾಡಿನ ಮೇಲೆ ಮರದ ರೆಕ್ಕೆ, ಅದರ ಬೆನ್ನಿಗೆ ಹಳೇ ಲಾರಿಯ ಡೈನಮೋ. ಚಿಮಣಿ ಎಣ್ಣೆಗೂ ರೇಷನ್ನಿರುವ ಈ ಯುದ್ಧಕಾಲದಲ್ಲಿ ಗಾಳಿಯಿಂದ ಬಿಟ್ಟಿ ಕರೆಂಟು! ಆದರೆ ಹಗಲಿಡೀ ಬೀಸುವ ಕಡಲಗಾಳಿ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ನಿಲ್ಲುತ್ತದೆ. ಕೂಡಿಡಲು ಬ್ಯಾಟರಿ ಸಿಕ್ಕುವುದಿಲ್ಲ. ಬಲ್ಬಿನೊಳಗೆ ಒಂದು ಕೆಂಪು ಹುಳ ಮಿಸುಕಾಡುತ್ತದೆ, ಅಷ್ಟೆ. ನನ್ನ ಹೆಂಡತಿ ಸಾವಿತ್ರಿ ಅದನ್ನು ನೋಡಲು ಚಿಮಣಿ ಹಿಡಿದುಕೊಂಡು ಬರುತ್ತಾಳೆ.

ಮೇಲೆ ಜೋಗದಲ್ಲಿ ಮೈಸೂರು ಸಂಸ್ಥಾನದವರು ಶರಾವತಿಯಿಂದ ವಿದ್ಯುತ್ತು ತೆಗೆಯಲು ಹೊರಟಿದ್ದಾರೆ. ಕೆಳಗಿನ ನಮಗೆ ಬರುವುದು ಕೆಲಸ ಮುಗಿಸಿದ ನೀರು. ಅದನ್ನಾದರೂ ಸಹಿಸಬಹುದು, ಮೈಸೂರು ದೂರ. ಷಡ್ಡಕ ಇರುವುದು ಕುಮಟೆಯಲ್ಲಿ!

ಷಡ್ಡಕನೆಂದರೆ ಸಾವಿತ್ರಿಯ ಅಕ್ಕನ ಗಂಡ. ಅವನ ಮನೆಯ ಪಕ್ಕದಲ್ಲೇ ಅವನ ಗಜನಿ ಗದ್ದೆ. ಉಬ್ಬರದಲ್ಲಿ ಹೊಳೆಯ ಉಪ್ಪುನೀರು ಒಳಗೆ ತುಂಬುತ್ತದೆ. ಇಳಿತದಲ್ಲಿ ಕಟ್ಟೆಯ ಬಾಯಿಗಿಟ್ಟ ಹಲಗೆ ಎತ್ತಿದರೆ ಹೊರಗೆ ನುಗ್ಗುತ್ತದೆ. ಆ ಬಾಯಿಗೆ ಊರವರೆಲ್ಲ ಬಲೆ ಕಟ್ಟಿ ಸೀಗಡಿ ಹಿಡಿಯುತ್ತಾರೆ. ಇವನು ಚಕ್ರ ಕಟ್ಟಿ ಕರೆಂಟು ಹಿಡಿದ. ನನಗೇಕೆ ಹೊಳೆಯಲಿಲ್ಲ?

ಊಟಕ್ಕೆ ಕರೆದಿದ್ದ. ಮುಸ್ಸಂಜೆಗೆ ಹಲಗೆ ಎತ್ತಿ ಬಂದು ಸ್ವಿಚ್ಚು ಒತ್ತಿದ. ಜಗಲಿ ಬೆಳಗಿತು. ಸಾವಿತ್ರಿಯ ಮುಖವೂ. ನನ್ನ ಯಾವ ಯಂತ್ರವನ್ನೂ ಅವಳು ಹಾಗೆ ಕಣ್ಣರಳಿಸಿ ನೋಡಿದ್ದಿಲ್ಲ. ಮಾಡಿಗೆ ಹತ್ತಿ ಇಳಿದದ್ದೆಲ್ಲ ಆ ಒಂದು ನೋಟಕ್ಕಾಗಿ.

"ಎಂತ ಮಾರಾಯಾ, ನಿನ್ನ ಗಾಳಿಪಟ ಹಾರ್ತದ್ಯೋ ಇಲ್ವೋ?" ಎಂದ ಷಡ್ಡಕ.

"ಹಾರ್ತದೆ. ನಿನ್ನ ಕರೆಂಟಿನ ಹಾಗೆ ಸೀಗಡಿ ವಾಸನೆ ಇಲ್ಲ ಅದಕ್ಕೆ."

"ವಾಸನೆಯೂ ಇಲ್ಲ, ಬೆಳಕೂ ಇಲ್ಲ," ಎಂದಳು ಅವನ ಹೆಂಡತಿ. ಎಲ್ಲರೂ ನಕ್ಕರು. ಸಾವಿತ್ರಿಯೂ.

ಎಲೆ ಹಾಕಿದರು. ಅನ್ನಕ್ಕೆ ಸಾರು ಬೀಳುವಷ್ಟರಲ್ಲಿ ಬಲ್ಬು ಹಳದಿಯಾಯಿತು, ಕೆಂಪಾಯಿತು, ನಮ್ಮ ಮನೆಯ ಹುಳವಾಯಿತು, ಆರಿತು. ಬಂದ ಬಂದವರಿಗೆಲ್ಲ ಹಗಲಲ್ಲೇ ಚಕ್ರ ತಿರುಗಿಸಿ ತೋರಿಸಿ, ಮಹಾಶಯ ಗಜನಿಯ ನೀರನ್ನೆಲ್ಲ ಹೊಳೆಗೆ ಬಿಟ್ಟಿದ್ದ!

"ಚಿಮಣಿ ಹಚ್ಚೇ!"

"ಎಣ್ಣೆ ಎಲ್ಲದೆ? ಕರೆಂಟು ಬಂತು, ಇನ್ನೆಂತಕ್ಕೆ ಅಂತ ನೀವೇ ಆಚೆಮನೆಗೆ ಕೊಟ್ಟು ಬಂದ್ರಲ್ಲ!"

ಊಟದ ನಡುವೆ ದೀಪ ಆರಿದರೆ ತುತ್ತು ಎತ್ತುವಂತಿಲ್ಲ, ಅದು ಶಾಸ್ತ್ರ. ಎಲ್ಲರೂ ಎಲೆಯ ಮೇಲೆ ಕೈಯಿಟ್ಟು ಕೂತೆವು. ಇಷ್ಟು ಸುಖವಾದ ಕತ್ತಲೆಯಲ್ಲಿ ನಾನು ಎಂದೂ ಕೂತಿರಲಿಲ್ಲ.

ಆಗ, ಸಾರಿನ ಪಾತ್ರೆ ಹಿಡಿದು ನಿಂತಿದ್ದ ಸಾವಿತ್ರಿಯ ದನಿ: "ಭಾವ, ಇನ್ನೊಂದು ಸಲ ನೀರು ತುಂಬಿ ಇಳೀಲಿಕ್ಕೆ ಎಷ್ಟೊತ್ತು ಬೇಕು?"

ಅವನನ್ನು ಚುಚ್ಚಿದಳೇ? ಅಥವಾ ಅಷ್ಟು ಹೊತ್ತು ಕಾಯಲು ತಯಾರಿದ್ದಳೇ? ದೇವರ ಮುಂದಿನ ದೀಪ ತರುವಷ್ಟರಲ್ಲಿ ಅವಳು ಬೆನ್ನು ತಿರುಗಿಸಿ ಬಡಿಸುತ್ತಿದ್ದಳು.

ಆ ಕತ್ತಲೆಯಲ್ಲಿ ಅವಳ ಮುಖ ಹೇಗಿತ್ತೆಂದು ನನಗೆ ಗೊತ್ತಿಲ್ಲ.