ಆರು ಹೆಜ್ಜೆಯ ಗುಮ್ಮಟ

ಯುದ್ಧದ ವರ್ಷ ತನ್ನೂರು ಓಚಮ್ಚಿರೆ ಬಿಟ್ಟು ನಮ್ಮೂರು ಚಾಕ್ವಿಗೆ ಬಂದು, ಹಿಂದಿರುಗುವ ದಾರಿ ಮುಚ್ಚಿ ಇಲ್ಲೇ ಉಳಿದ ಒಟಿಯಾ ಮಾಮನನ್ನು ಕೋಳಿಗೂಡಿಗೆ ಕರೆಯಿರಿ, ಮದುವೆ ಚಪ್ಪರಕ್ಕೆ ಕರೆಯಿರಿ, ಮೂವತ್ತು ವರ್ಷದಿಂದ ಆತ ಕಟ್ಟುವುದು ಒಂದನ್ನೇ: ತ್ರಿಕೋನಕ್ಕೆ ತ್ರಿಕೋನ ಸೇರಿಸಿ ಎಬ್ಬಿಸಿದ ಬಿದಿರಿನ ಗುಮ್ಮಟ. ಅರವತ್ತೈದು ಗಳ, ಇಪ್ಪತ್ತಾರು ಗಂಟು. ಗಂಟಿಗೊಂದು ಲೋಟ ವೈನು, ಲೋಟಕ್ಕೊಂದು ಹಾರೈಕೆ. ಶಾಂತಿಗೆ, ಹಿರಿಯರಿಗೆ, ಅತಿಥಿಗಳಿಗೆ ಹಾರೈಸಿ ಮುಗಿದ ಮೇಲೆ ಮನೆಯವರ ಹಸುವಿಗೂ ಒಂದು ಸಲ್ಲುತ್ತದೆ. ಹದಿನೈದು ಲೋಟ ದಾಟಿತೆಂದರೆ ಉದ್ದ ಗಳದ ಜಾಗಕ್ಕೆ ಗಿಡ್ಡದ್ದು ಬಂದು ಗುಮ್ಮಟ ವಾಲುತ್ತದೆ. "ಅದಕ್ಕೂ ಸ್ವಲ್ಪ ಏರ್ಬಿಟ್ಟಿದೆ, ಬಿಡ್ರೋ" ಎಂದು ಬಿಚ್ಚಿ ಮತ್ತೆ ಕಟ್ಟುತ್ತಾನೆ. ಮೊಳೆ ಮುಟ್ಟುವವನಲ್ಲ, ಬರೀ ಹಗ್ಗ. ಅಗಲವೂ ಯಾವತ್ತೂ ಆರೇ ಹೆಜ್ಜೆ. "ನಾಲ್ಕು ಕೋಳಿಗೆ ಇಷ್ಟು ದೊಡ್ಡ ಅರಮನೆಯಾ ಮಾಮ?" ಎಂದು ಪಕ್ಕದ ಮನೆಯ ನಾತೆಲಾ ರೇಗಿಸಿದರೆ, "ಅವೂ ಒಂದಿಷ್ಟು ಕುಣೀಲಿ ಕಣೇ" ಎನ್ನುತ್ತಾನೆ. ಅವಳ ಮದುವೆಯಲ್ಲಿ ಅರ್ಧ ನೆಂಟರು ಹೊರಗೆ ಮಳೆಯಲ್ಲಿ ನಿಂತು ನೆನೆದರೂ ಪುಣ್ಯಾತ್ಮ ಏಳನೆಯ ಹೆಜ್ಜೆ ಇಟ್ಟಿರಲಿಲ್ಲ. "ಅದ್ಯಾಕೆ ಮಾಮ, ಆರೇ?" ಎಂದು ಮೊನ್ನೆ ಕೇಳಿಯೇಬಿಟ್ಟೆ. ಕೈಯಲ್ಲಿದ್ದ ಗಂಟನ್ನು ಬಿಗಿದು ಮುಗಿಸಿ ಹೇಳಿದ: "ಓಚಮ್ಚಿರೇಲಿ ನಮ್ಮನೆ ಅಂಗಳದಲ್ಲಿ ಬಾವಿಗೂ ಅಕ್ರೋಟು ಮರಕ್ಕೂ ಮಧ್ಯೆ ಇರೋ ಜಾಗ ಅಷ್ಟೇ ಕಣೋ. ದಾರಿ ತೆರೆದ ದಿನ ಯಾವುದನ್ನ ಬಿಚ್ಕೊಂಡು ಹೋದ್ರೂ ಅಲ್ಲಿ ಹಿಡಿಸ್ಬೇಡ್ವಾ?"