ಇಮಾನದ ಬಯಲಿನ ಹದಿನಾಲ್ಕು ಮನೆಗಳು

2017ರಲ್ಲಿ ನಾನು ಕೊಪ್ಪಳದಲ್ಲಿ ನಗರ ಯೋಜನೆಯ ಸಹಾಯಕ ನಿರ್ದೇಶಕಿಯಾಗಿದ್ದೆ. ಎಲ್ಲಿ ಮನೆ, ಎಲ್ಲಿ ಅಂಗಡಿ, ರಸ್ತೆ ಎಷ್ಟು ಅಗಲ ಎಂದು ನಕ್ಷೆಯ ಮೇಲೆ ಗೆರೆ ಎಳೆಯುವುದು ನಮ್ಮ ಕೆಲಸ. ಆ ವರ್ಷ ನನ್ನ ಮೇಜಿಗೆ ಬಂದದ್ದು ಯಲಬುರ್ಗಾ ತಾಲ್ಲೂಕಿನಲ್ಲಿ, ಬೇವೂರಿನ ಆಚೆ ಇದ್ದ ಹಳೆಯ ಸೇನಾ ವಿಮಾನ ನಿಲ್ದಾಣದ ಕಡತ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಟ್ಟಿದ್ದು, ಸೇನೆ ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಸುತ್ತಲಿನವರು ಅದನ್ನು ‘ಇಮಾನದ ಬಯಲು’ ಎನ್ನುತ್ತಿದ್ದರು. ಸಾವಿರದ ನಾನೂರು ಮೀಟರ್ ಉದ್ದದ ಕಾಂಕ್ರೀಟ್ ರನ್‌ವೇಯ ಬಿರುಕುಗಳಲ್ಲಿ ಜಾಲಿ ಎದ್ದಿತ್ತು. ಸುಗ್ಗಿಯಲ್ಲಿ ರೈತರು ಅದರ ಮೇಲೆ ಸಜ್ಜೆ, ತೊಗರಿ ಒಣಗಿಸುತ್ತಿದ್ದರು. ಅಲ್ಲಿ ಮನೆ, ಬಜಾರು, ಶಾಲೆ, ಸಣ್ಣ ಕೈಗಾರಿಕೆ ಎಲ್ಲ ಒಂದೇ ಕಡೆ ಇರುವ ಹೊಸ ಬಡಾವಣೆ ಆಗಬೇಕಿತ್ತು. ನಮ್ಮ ಭಾಷೆಯಲ್ಲಿ ಇದಕ್ಕೆ ‘ಮಿಕ್ಸೆಡ್ ಯೂಸ್’, ಅಂದರೆ ಮಿಶ್ರ ಬಳಕೆ.

ರನ್‌ವೇಯ ಪೂರ್ವದ ತುದಿಯಲ್ಲಿ ಸಿಪಾಯಿಗಳಿದ್ದ ಹಳೆಯ ಬ್ಯಾರಕ್ಕುಗಳು. ಅವುಗಳಲ್ಲಿ ಹದಿನಾಲ್ಕು ಮುಸ್ಲಿಂ ಕುಟುಂಬಗಳು ಮೂರು ತಲೆಮಾರಿನಿಂದ ವಾಸವಾಗಿದ್ದವು. ಸೇನೆ ಹೋಗುವಾಗ ಬಿಟ್ಟ ತಗಡಿನಿಂದ ಅವರ ಅಜ್ಜಂದಿರು ಟ್ರಂಕು ಮಾಡಲು ಕಲಿತರಂತೆ. ತಗಡಿನ ಟ್ರಂಕು, ಕಾಳು ತುಂಬುವ ಡಬ್ಬಿ, ಜರಡಿ. ಹುಣ್ಣಿಮೆಗೆ ಹುಲಿಗಿಯ ಅಮ್ಮನ ಗುಡಿಯ ಮುಂದೆ, ಸಂತೆಯ ದಿನ ಕುಷ್ಟಗಿಯಲ್ಲಿ ಮಾರುತ್ತಿದ್ದರು. ಈ ಭಾಗದಲ್ಲಿ ಮದುವೆಯಾಗುವ ಹುಡುಗಿಗೆ ಇವರ ಟ್ರಂಕು ಕೊಡುವುದು ರೂಢಿ.

ನಾನು ಮೊದಲು ಹೊಕ್ಕ ಮನೆ ರಾಬಿಯಾಬಿಯದು. ಆಗ ಆಕೆಗೆ ನಲವತ್ತರ ಆಸುಪಾಸು. ಗಂಡ ದಸ್ತಗೀರಸಾಬ ಹೊಸ್ತಿಲ ಬಳಿ ಕೂತು ತಗಡು ಕತ್ತರಿಸುತ್ತಿದ್ದ. ಆಕೆ ಮರದ ಕೊಡತಿಯಿಂದ ಅಂಚು ಮಡಿಸಿ, ಬೆಸುಗೆ ಹಾಕುತ್ತಿದ್ದಳು. ನಡುವೆ ಎದ್ದು ಹಂಚಿನ ಮೇಲಿನ ರೊಟ್ಟಿ ತಿರುವುವಳು. ಗೋಡೆಯ ಬದಿಯ ಮಂಚದಲ್ಲಿ ಪಾರ್ಶ್ವವಾಯು ಬಡಿದು ಮಲಗಿದ್ದ ಅತ್ತೆಗೆ ನೀರು ಕುಡಿಸುವಳು. ಮತ್ತೆ ಕೊಡತಿ ಹಿಡಿಯುವಳು.

“ಇಷ್ಟೆಲ್ಲ ಒಂದೇ ಕೋಣೆಯಲ್ಲೇನಾ?” ಎಂದು ಕೇಳಿದೆ.

“ಹೌದ್ರಿ ಬಾಯಾರ. ಮನಿನೂ ಇದ, ಕಾರ್ಖಾನಿನೂ ಇದ,” ಎಂದು ನಕ್ಕಳು.

ನಾನು ಡೈರಿಯಲ್ಲಿ ‘ಇಕ್ಕಟ್ಟಾದ, ಅನಾರೋಗ್ಯಕರ ವಸತಿ’ ಎಂದು ಬರೆದುಕೊಂಡೆ. ಅದು ಸುಳ್ಳಲ್ಲ. ಆದರೆ ಅಂದು ನಾನು ಬರೆದದ್ದು ಅಷ್ಟೇ.

ಮೊದಲ ಕರಡು ನಕ್ಷೆಯಲ್ಲಿ ಈ ಹದಿನಾಲ್ಕು ಕುಟುಂಬಗಳಿಗೆ ಪೂರ್ವದಲ್ಲೇ, ಬಜಾರಿನ ಹತ್ತಿರ, ಮುಂದೆ ಕೆಲಸದ ಪಡಸಾಲೆ ಇರುವ ಮನೆಗಳನ್ನೇ ತೋರಿಸಿದ್ದೆವು. ಆಕ್ಷೇಪಣೆ ಕೇಳುವ ಸಭೆಯಲ್ಲಿ ಶರಣಪ್ಪ ಮಾಸ್ತರರು ಎದ್ದು ನಿಂತರು. ಅವರು ಯಲಬುರ್ಗಾದ ಪ್ರೌಢಶಾಲೆಯ ಶಿಕ್ಷಕರು. ಪಕ್ಕದ ಸಾಲಿನಲ್ಲಿ ನಿವೇಶನ ಕೇಳಿದ್ದರು.

“ದಿನಾ ಮುಂಜಾನಿಂದ ಟಕ್ ಟಕ್ ಅಂದ್ರ ಮಕ್ಕಳು ಹ್ಯಾಂಗ ಓದ್ಯಾವ್ರಿ? ಸಪ್ಪಳದ್ದು ಏನಾರ ಮಾಡ್ರಿ.”

ಹೆಂಗಸರ ಸಾಲಿನಿಂದ ರಾಬಿಯಾಬಿ ಎದ್ದಳು. “ಸಾಲಿ ಮಕ್ಕಳು ಮನ್ಯಾಗ ಇದ್ದಾಗ ಬಡಿಯೂದಿಲ್ರಿ. ಹನ್ನೊಂದರಿಂದ ನಾಕರ ತನಕ ಬಡೀತೀವಿ. ಆದ್ರ ಕೆಲಸ ಮನಿ ಬಿಟ್ಟು ದೂರ ಹಾಕಬ್ಯಾಡ್ರಿ.”

ಇಬ್ಬರ ಮಾತೂ ನ್ಯಾಯವಾಗಿತ್ತು. ಕೆಲಸದ ವೇಳೆ ಗೊತ್ತು ಮಾಡಬಹುದಿತ್ತು, ನಡುವೆ ಗೋಡೆ ಕಟ್ಟಿಸಬಹುದಿತ್ತು. ಅದಕ್ಕೆ ನಾಲ್ಕು ಸಲ ಎರಡೂ ಕಡೆಯವರನ್ನು ಕೂಡಿಸಿ ಮಾತಾಡಬೇಕಿತ್ತು. ನನಗೆ ನಕ್ಷೆ ಬೇಗ ಮುಗಿಯಬೇಕಿತ್ತು. ಜೊತೆಗೆ ಚೊಕ್ಕವಾಗಿ ಕಾಣಬೇಕು ಎಂಬ ಆಸೆಯೂ ಇತ್ತು. ಅದೇ ವಾರ ಪಡಸಾಲೆಗಳನ್ನು ತೆಗೆದುಹಾಕಿ, ಕೆಲಸವನ್ನು ಹದಿನಾಲ್ಕು ಶೆಡ್ಡುಗಳಾಗಿ ರನ್‌ವೇಯ ಪಶ್ಚಿಮದ ತುದಿಗೆ ಸರಿಸಿದೆ. ಮನೆಗಳು ಪೂರ್ವದಲ್ಲೇ ಉಳಿದವು. ಇದು ‘ಝೋನಿಂಗ್’: ವಾಸಕ್ಕೊಂದು ವಲಯ, ದುಡಿಮೆಗೊಂದು ವಲಯ. ಇನ್ನು ಮನೆಯಲ್ಲಿ ತಗಡು ಬಡಿಯುವಂತಿಲ್ಲ. ಮೇಲಧಿಕಾರಿಗಳು ನಕ್ಷೆ ನೋಡಿ ಬೆನ್ನು ತಟ್ಟಿದರು. ಸಹಿ ಹಾಕಿದೆ.

2020ರ ಕೊನೆಗೆ ಜನ ಬಂದು ನೆಲೆಸಿದರು. ಮನೆಗಳು ಗಟ್ಟಿಯಾಗಿದ್ದವು, ನಲ್ಲಿ, ಶೌಚಾಲಯ ಎಲ್ಲ ಇದ್ದವು. ಶೆಡ್ಡುಗಳಿಗೆ ತ್ರೀ ಫೇಸ್ ವಿದ್ಯುತ್ತನ್ನೂ ಕೊಡಿಸಿದ್ದೆ. ಹಸ್ತಾಂತರದ ದಿನ ರಾಬಿಯಾಬಿ ನನ್ನ ಕೈಗೆ ಖರ್ಜೂರವಿಟ್ಟು, “ಛಲೋ ಮನಿ ಕಟ್ಟಿಸಿಕೊಟ್ರಿ” ಎಂದಳು. ಶೆಡ್ಡಿನ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಎಂಟು ತಿಂಗಳ ನಂತರ ತಪಾಸಣೆಗೆ ಹೋದಾಗ ಹದಿನಾಲ್ಕರಲ್ಲಿ ಒಂಬತ್ತು ಶೆಡ್ಡುಗಳಿಗೆ ಬೀಗ. ಒಂದರಲ್ಲಿ ಯಾರೋ ಗೊಬ್ಬರದ ಚೀಲ ಒಟ್ಟಿದ್ದರು. ರಾಬಿಯಾಬಿಯ ಮನೆಗೆ ಹೋದೆ. ಮಂಚದಲ್ಲಿ ಅತ್ತೆ ಇರಲಿಲ್ಲ.

“ದಿನಾ ಶೆಡ್ಡಿಗೆ ನಡಕೊಂಡು ಹೋಗ್ತಿದ್ದೆ ಬಾಯಾರ,” ಎಂದಳು. “ನಾಕು ತಿಂಗಳು ಹೋದೆ. ಒಂದಿನ ಮಧ್ಯಾಹ್ನ ತಿರುಗಿ ಬಂದು ನೋಡ್ತೀನಿ, ಅತ್ತಿ ಮಂಚದಿಂದ ಬಿದ್ದು ನೆಲದ ಮ್ಯಾಲ ಅದಾಳ. ಯಾವಾಗ ಬಿದ್ದಾಳೋ ಏನೋ. ಕೂಗ್ಯಾಳ, ಯಾರಿಗೂ ಕೇಳಿಲ್ಲ. ಸೊಂಟ ಮುರಿದಿತ್ತು. ಎರಡು ತಿಂಗಳದಾಗ ಹೋದ್ಲು. ಆಮ್ಯಾಲ ನಾ ಆ ಕಡಿ ಹೋಗಿಲ್ರಿ.”

ಹಂಚು ಇಡುವವಳು, ಮುದುಕರನ್ನು ನೋಡಿಕೊಳ್ಳುವವಳು, ಬೆಸುಗೆ ಹಾಕುವವಳು ಒಂದೊಂದು ಮನೆಯಲ್ಲೂ ಒಬ್ಬಳೇ ಹೆಂಗಸು. ಆಕೆ ಮನೆ ಬಿಡಲಾರಳು. ಗಂಡಸು ಕತ್ತರಿಸಿದ ತಗಡು ಅಂಚಿಲ್ಲದೆ ಹಾಗೇ ಉಳಿಯುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಧಾರವಾಡದಲ್ಲಿ ನನ್ನ ತಾಯಿ ಅಡುಗೆಮನೆಯ ಬಾಗಿಲಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಓಣಿಯವರ ಕುಪ್ಪಸ ಹೊಲಿದು ನನ್ನನ್ನು ಓದಿಸಿದವಳು. ಆ ಯಂತ್ರವನ್ನು ಒಂದೂವರೆ ಕಿಲೋಮೀಟರ್ ದೂರ ಇಟ್ಟಿದ್ದರೆ ನಾನು ಈ ಹುದ್ದೆಗೆ ಬರುತ್ತಿರಲಿಲ್ಲ. 

ನಕ್ಷೆಗೆ ತಿದ್ದುಪಡಿ ಕೇಳಿ ಪ್ರಸ್ತಾವ ಬರೆದೆ. ಮಂಜೂರಾದ ನಕ್ಷೆಯನ್ನು ಬದಲಿಸಲು ಪ್ರಕಟಣೆ, ಆಕ್ಷೇಪಣೆ, ನೆರೆಹೊರೆಯವರ ಒಪ್ಪಿಗೆ ಎಲ್ಲ ಬೇಕು. ಒಪ್ಪಿಗೆ ಕೇಳಲು ಮೊದಲು ಶರಣಪ್ಪ ಮಾಸ್ತರರ ಮನೆಗೇ ಹೋದೆ. ಜಗಳಕ್ಕೆ ತಯಾರಾಗಿ ಹೋಗಿದ್ದೆ. ಅವರು ಕಾಗದ ಓದಿ, ಪೆನ್ನು ತೆಗೆದು ಸಹಿ ಮಾಡಿದರು.

“ಮೇಡಂ, ನಾ ಅವತ್ತ ಸಪ್ಪಳದ್ದು ಏನಾರ ಮಾಡ್ರಿ ಅಂದಿದ್ದೆ. ಅವರನ್ನ ಅಷ್ಟು ದೂರ ಹಾಕ್ರಿ ಅಂದಿರಲಿಲ್ಲ.”

 ಅದುವರೆಗೆ ನಾನು ನನಗೇ ಹೇಳಿಕೊಳ್ಳುತ್ತಿದ್ದುದು, ಸಾರ್ವಜನಿಕರ ಒತ್ತಡಕ್ಕೆ ಮಣಿದೆ ಎಂದು.

ಕಡತ ಕಚೇರಿಯಿಂದ ಕಚೇರಿಗೆ ಅಲೆದು ಹದಿನೆಂಟು ತಿಂಗಳು ತೆಗೆದುಕೊಂಡಿತು. ಮನೆಯ ಮುಂಭಾಗದಲ್ಲಿ ಹಗಲು ಹನ್ನೊಂದರಿಂದ ನಾಲ್ಕರವರೆಗೆ ತಗಡಿನ ಕೆಲಸಕ್ಕೆ ಅನುಮತಿ. ರಾಬಿಯಾಬಿ ಸಭೆಯಲ್ಲಿ ಹೇಳಿದ ವೇಳೆಯೇ. ನನ್ನ ನಿವೃತ್ತಿಗೆ ಒಂದು ತಿಂಗಳು ಉಳಿದಿರುವಾಗ ಆದೇಶ ಬಂತು. ಟಪಾಲಿಗೆ ಹಾಕದೆ ನಾನೇ ಒಯ್ದೆ.

ಆಕೆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮುಗಿಸಿ ಆಗಷ್ಟೇ ಬಂದಿದ್ದಳು. ದಸ್ತಗೀರಸಾಬ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿಗೆ ಸೇರಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಆದೇಶವನ್ನು ಓದಿ ಹೇಳಿದೆ. ಆಕೆ ಗಮನವಿಟ್ಟು ಕೇಳಿದಳು. ಕೊಡತಿ, ಕತ್ತರಿ, ಬೆಸುಗೆಯ ಸಾಮಾನುಗಳೆಲ್ಲ ಎಲ್ಲಿ ಎಂದು ಕೇಳಿದೆ.

“ಹ್ವಾದ ವರ್ಷನ ಗುಜರಿಗೆ ಕೊಟ್ಟುಬಿಟ್ವಿರಿ.”

“ಮತ್ತೆ ತಂದರೆ ಶುರು ಮಾಡಬಹುದಲ್ಲ, ರಾಬಿಯಾಬಿ?”

“ಕೈ ಮರ್ತಿಲ್ರಿ ಬಾಯಾರ. ಗಿರಾಕಿ ಮರ್ತಾರ.” ಎದ್ದು ಒಲೆಯ ಮೇಲೆ ನೀರಿಟ್ಟು, “ನೀವು ಬಂದಿದ್ದು ಭಾಳ ಆತು. ಚಾ ಕುಡೀರಿ,” ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ಹದಿನಾಲ್ಕರಲ್ಲಿ ಮೂರು ಮನೆಗಳು ಮತ್ತೆ ಕೆಲಸ ಹಚ್ಚಿದವು. ಉಳಿದ ಹನ್ನೊಂದು ಬೇರೆ ಬೇರೆ ಕೂಲಿಗೆ ಚದುರಿದವು. ಬಡಾವಣೆ ಈಗ ಚೆನ್ನಾಗಿಯೇ ಬೆಳೆದಿದೆ. ನೋಡಲು ಬಂದವರು ಹೊಗಳುತ್ತಾರೆ.

ಮೂವತ್ತೊಂದು ವರ್ಷದ ನೌಕರಿ ನನಗೆ ಕಲಿಸಿದ್ದರಲ್ಲಿ ಹೇಳಲು ಯೋಗ್ಯವಾದದ್ದು ಒಂದೇ. ಯಾವ ಮನೆಯವರನ್ನು ಎಬ್ಬಿಸುತ್ತೇವೋ ಅವರ ಮನೆಯಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಒಂದು ದಿನ ಕೂತು ನೋಡಬೇಕು, ಗೆರೆ ಆಮೇಲೆ. ನಾನು ಅಲ್ಲಿ ಕೂತದ್ದು ಕಾಲು ಗಂಟೆ. ಮಿಶ್ರ ಬಳಕೆಯ ಬಡಾವಣೆ ಹೇಗಿರಬೇಕೆಂದು ಹುಡುಕುತ್ತ ಹೋದವಳು, ಅದು ಆಗಲೇ ಬದುಕಿದ್ದ ಒಂದೇ ಒಂದು ಕಡೆಯನ್ನು, ಆ ಬ್ಯಾರಕ್ಕಿನ ಕೋಣೆಗಳನ್ನೇ, ಒಡೆದು ಎರಡು ಮಾಡಿ ಬಂದೆ.